ಕೇಳಿದ ಕೈಗೆ ಕೊಟ್ಟ ರೊಟ್ಟಿ

ಮೇಘಾಳಿಗೆ ಕುರ್ಚಿ ಬಂದ ದಿನವೇ ಎಡವಟ್ಟು ಶುರುವಾಯಿತು. ಅಲ್ಲಿಯವರೆಗೆ ಆಕೆ ನಿಂತೇ ಕೆಲಸ ಮಾಡುತ್ತಿದ್ದಳು, ಸರಿಯಾಗಿಯೇ ಮಾಡುತ್ತಿದ್ದಳು.

ಮಾನ್ವಿಯಲ್ಲಿ ಸುಗ್ರಾ ಬೇಗಂ ನಡೆಸುವ ಕಡಕ್ ರೊಟ್ಟಿ ಕೇಂದ್ರದಲ್ಲಿ ಗುಣಮಟ್ಟ ನೋಡುವುದು ಅವಳ ಕೆಲಸ. ಉದ್ದನೆಯ ತಗಡಿನ ಶೆಡ್ಡು, ಎರಡು ಸಾಲು ಗ್ಯಾಸ್ ಒಲೆ, ಒಲೆಗೊಬ್ಬ ಹೆಂಗಸು. ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಬೇಯಿಸಿ, ಸಣ್ಣ ಉರಿಯಲ್ಲಿ ಒಣಗಿಸಿ ಬುಟ್ಟಿಗೆ ಹಾಕುತ್ತಾರೆ. ಪಸೆ ಉಳಿದ ರೊಟ್ಟಿ ತೂಕ ಹೆಚ್ಚು ತೂಗುತ್ತದೆ, ಡಬ್ಬಿಯೊಳಗೆ ಬೂಸರು ಹಿಡಿಯುತ್ತದೆ. ಎಲ್ಲವನ್ನೂ ತೂಗುತ್ತ ಕೂತರೆ ಮಾರುವುದು ಯಾವಾಗ? ಅದಕ್ಕೇ ಗಂಟೆಗೊಮ್ಮೆ ನಾಲ್ಕು ರೊಟ್ಟಿ ಎತ್ತಿ ತೂಗಿ, ಸರಾಸರಿಯನ್ನು ಗೋಡೆಯ ಚಾರ್ಟಿನ ಮೇಲೆ ಒಂದು ಚುಕ್ಕಿಯಾಗಿ ಇಡಬೇಕು. ನಡುವಿನ ಹಸಿರು ಗೆರೆ ಎಂದರೆ ಸಾಮಾನ್ಯವಾಗಿ ಬರುವ ತೂಕ. ಅದರ ಮೇಲೊಂದು, ಕೆಳಗೊಂದು ಕೆಂಪು ಗೆರೆ. ಚುಕ್ಕಿ ಕೆಂಪು ದಾಟಿದರೆ ಎಲ್ಲೋ ಏನೋ ಕೆಟ್ಟಿದೆ, ಹುಡುಕು ಎಂದರ್ಥ.

ಮೊದಮೊದಲು ಮೇಘಾ ತರಬೇತಿಯಲ್ಲಿ ಕಲಿಸಿದಂತೆ ಒಲೆಯಿಂದ ಒಲೆಗೆ ಓಡಾಡಿ, ಮುಖ ಆಚೆ ತಿರುಗಿಸಿ, ಬುಟ್ಟಿಯೊಳಗೆ ಕೈಗೆ ಸಿಕ್ಕ ರೊಟ್ಟಿಯನ್ನು ಎತ್ತುತ್ತಿದ್ದಳು. ಆ ತೂಕಗಳಿಂದಲೇ ಮೂರು ಗೆರೆ ಎಳೆದಳು. ಆಮೇಲೆ ಬೇಸಿಗೆ ಬಂತು. ಮೇಲೆ ಕಾದ ತಗಡು, ಸುತ್ತ ಉರಿಯುವ ಒಲೆ. ಸುಗ್ರಾ ಬೇಗಂ ಕನಿಕರಪಟ್ಟು ಒಂದು ಕುರ್ಚಿ, ಒಂದು ಫ್ಯಾನು ಕೊಟ್ಟರು. ಮೇಘಾ ಕೂತಲ್ಲಿಂದಲೇ ಕೂಗತೊಡಗಿದಳು.

"ಯವ್ವಾ, ನಾಕು ರೊಟ್ಟಿ ಕೊಡ್ರಿ."

ರೊಟ್ಟಿ ಬಂದವು. ಅಂದಿನಿಂದ ಚುಕ್ಕಿಗಳು ಹಸಿರು ಗೆರೆಯ ಕೆಳಗೆ ಇರುವೆ ಸಾಲಿನಂತೆ ಹೊರಟವು. ಹೀಗೆ ಒಂದೇ ಕಡೆ ಸಾಲುಗಟ್ಟಿದರೂ ಅನುಮಾನ ಪಡಬೇಕು, ಒಂದೋ ಕೆಲಸ ಬದಲಾಗಿದೆ, ಇಲ್ಲವೇ ಸ್ಯಾಂಪಲ್ ಎತ್ತುವ ಕೈ ಬದಲಾಗಿದೆ ಎಂದು ತರಬೇತಿಯಲ್ಲಿ ಹೇಳಿದ್ದರು. ಮೇಘಾ ಅನುಮಾನ ಪಡಲಿಲ್ಲ, ಹೆಮ್ಮೆಪಟ್ಟಳು. ಹಗುರ ಎಂದರೆ ಒಣಗಿದ್ದು, ಒಣಗಿದ್ದೆಂದರೆ ಒಳ್ಳೆಯದು. ತಾನು ಬಂದ ಮೇಲೆ ಕೇಂದ್ರ ಸುಧಾರಿಸಿತು ಎಂದುಕೊಂಡು ಚಾರ್ಟಿನ ಫೋಟೋ ತೆಗೆದು ಸ್ಟೇಟಸ್ಸಿಗೂ ಹಾಕಿಕೊಂಡಳು.

ಅಂಥದ್ದರಲ್ಲಿ ರಾಯಚೂರಿನಿಂದ ಫೋನ್ ಬಂತು. ಅಲ್ಲಿನ ಸಗಟು ವ್ಯಾಪಾರಿ ಬುರ್ಹಾನುದ್ದೀನ್ ಅವರ ಗೋದಾಮಿನಲ್ಲಿ ರೊಟ್ಟಿ ಡಬ್ಬಿಗಳಿಗೆ ಬೂಸರು ಬಂದಿತ್ತು. ಸುಗ್ರಾ ಬೇಗಂ ಮೇಘಾಳನ್ನೂ ಚಾರ್ಟನ್ನೂ ಗಾಡಿಯಲ್ಲಿ ಹಾಕಿಕೊಂಡು ಹೋದರು.

ಗೋದಾಮು ನೋಡಿಕೊಳ್ಳುವವನು ಬೀರೇಶ, ದೇವದುರ್ಗದ ಕಡೆಯವನು. ಬಿಸಿಲಿಗೆ ತಂಪಾಗಲೆಂದು ಬಾಗಿಲ ಮುಂದೆ ನೀರು ಚಿಮುಕಿಸಿದ್ದ. ಮೇಘಾಳಿಗೆ ಅಷ್ಟೇ ಸಾಕಾಯಿತು. ಚಾರ್ಟನ್ನು ಗೋದಾಮಿನ ಮುಂದಿದ್ದ ಅಂಗಡಿಯ ಕಟ್ಟೆಯ ಮೇಲೆ ಹರಡಿದಳು. ಬಜಾರಿನ ಮಂದಿ ಸೇರಿದರು.

"ನೋಡ್ರಿ, ಒಂದಾದ್ರೂ ಚುಕ್ಕಿ ಕೆಂಪು ಗೆರಿ ದಾಟ್ಯಾದೇನು? ನಮ್ಮ ಕಡೆಯಿಂದ ಒಣಾ ರೊಟ್ಟಿನ ಬಂದಾವ. ನೆಲಕ್ಕ ನೀರು ಹಾಕಿದ್ರ ಡಬ್ಬಿ ಬೂಸರು ಹಿಡೀದ ಇರ್ತಾವೇನು?"

"ಡಬ್ಬಿ ಒಳಗ ಹಲಗಿ ಮ್ಯಾಲ ಇಟ್ಟೀನ್ರೀ," ಎಂದ ಬೀರೇಶ. "ನೀರು ಅಲ್ಲೀತನಕ ಹೋಗಂಗಿಲ್ಲ. ಬೇಕಾದ್ರ ಒಳಗ ಬಂದು ಮುಟ್ಟಿ ನೋಡ್ರಿ."

ಒಳಗೆ ಯಾರೂ ಹೋಗಲಿಲ್ಲ. ಬಣ್ಣಬಣ್ಣದ ಗೆರೆ ಎಳೆದ ಹಾಳೆ ಕಟ್ಟೆಯ ಮೇಲಿರುವಾಗ ಹಲಗೆ ಮುಟ್ಟಿ ನೋಡುವ ದರ್ದು ಯಾರಿಗಿತ್ತು? ಬುರ್ಹಾನುದ್ದೀನ್ ಅವರು ಎಲ್ಲರೆದುರೇ ಬೀರೇಶನಿಂದ ಕೀಲಿಕೈ ಇಸಿದುಕೊಂಡು ಮನೆಗೆ ಕಳಿಸಿದರು. ಅವನು ಮೇಘಾಳ ಮುಖ ಒಮ್ಮೆ ನೋಡಿ, ಚಪ್ಪಲಿ ಹಾಕಿಕೊಂಡು ಹೋದ.

ಮರುದಿನ ಮೇಘಾ ಶೆಡ್ಡಿನಲ್ಲಿ ಎಲ್ಲರಿಗೂ ಪೇಢೆ ಹಂಚಿದಳು. ಹಂಚುತ್ತ ಹಂಚುತ್ತ ಹಿಂದಿನ ಸಾಲಿನ ಗೋಪಮ್ಮನ ಹತ್ತಿರ ಬಂದಾಗ ತೂಗುವ ಹೊತ್ತಾಗಿತ್ತು. ಅಲ್ಲೇ ನಿಂತು ನಾಲ್ಕು ರೊಟ್ಟಿ ಕೇಳಿದಳು. ಗೋಪಮ್ಮನ ಪಕ್ಕದಲ್ಲೇ ಬುಟ್ಟಿ ತುಂಬಿತ್ತು. ಅವಳು ಅದನ್ನು ಮುಟ್ಟದೆ ಎದ್ದು, ಮುಂದಿನ ಸಾಲಿನ ತುದಿಗೆ ಹೋಗಿ, ಮೂಕಮ್ಮನ ಬುಟ್ಟಿಯಿಂದ ನಾಲ್ಕು ಆರಿಸಿ ತಂದಳು.

"ನಿನ್ನ ಬುಟ್ಟಿ ಇಲ್ಲೇ ಅದಲ್ಲ?" ಎಂದಳು ಮೇಘಾ.

ಗೋಪಮ್ಮ ನಾಚಿಕೊಂಡಳು. "ನನ್ನುವು ಮೆತ್ತಗ ಆಗ್ಯಾವ ಮೇಡಂ. ಕೇಳಿದ ಕೈಗೆ ಅಂಥಾವು ಹ್ಯಾಂಗ ಕೊಡಬೇಕು? ಮೂಕವ್ವನ ಕೈಯಾಗಿನ್ವು ಚಲೋ ಇರ್ತಾವ. ನಿಮಗ ದಿನಾ ಅವನ್ನೇ ಕೊಡ್ತೀವಲ್ಲ."

"ಎಲ್ಲಾರೂ?"

"ಹೂಂ ಮತ್ತ. ನೀವು ಬಾಯಿಬಿಟ್ಟು ಕೇಳಿದ ಮ್ಯಾಲ."

ಮೂಕಮ್ಮ ದೂರದಿಂದಲೇ ನಕ್ಕು ಸೆರಗು ಸರಿಮಾಡಿಕೊಂಡಳು. ಮೇಘಾಳಿಗೆ ಹಣೆಯಿಂದ ಹಿಮ್ಮಡಿಯವರೆಗೆ ನಾಚಿಕೆ ಹತ್ತಿತು. ಇವರಲ್ಲಿ ಒಬ್ಬರೂ ಮೋಸ ಮಾಡಿರಲಿಲ್ಲ. ಆಕೆ ಸ್ಯಾಂಪಲ್ ಕೇಳುತ್ತಿದ್ದಳು, ಇವರು ಬೀಗರಿಗೆ ಬಡಿಸುವಂತೆ ಬಡಿಸುತ್ತಿದ್ದರು. ಆ ಚೆಂದದ ಚಾರ್ಟು ಇಡೀ ಕೇಂದ್ರದ್ದಲ್ಲ, ಒಬ್ಬ ಮೂಕಮ್ಮನದು.

ಅವಳು ಎಲ್ಲ ಬುಟ್ಟಿಗಳ ನಡುವೆ ಹೋಗಿ, ಮುಖ ಆಚೆ ತಿರುಗಿಸಿ, ನಾಲ್ಕು ಎತ್ತಿ ತೂಗಿದಳು. ಚುಕ್ಕಿ ಮೇಲಿನ ಕೆಂಪು ಗೆರೆ ದಾಟಿತು. ಮತ್ತೆ ಎತ್ತಿದಳು, ಮತ್ತೂ ಮೇಲೆ. ಕೆಲವು ದಿನಗಳಿಂದ ಹಿಂದಿನ ಸಾಲಿನ ಒಲೆಗಳಿಗೆ ಗ್ಯಾಸ್ ಸರಿಯಾಗಿ ಬರುತ್ತಿರಲಿಲ್ಲ. ಉರಿ ಸಾಲದೆ ರೊಟ್ಟಿಯಲ್ಲಿ ಪಸೆ ಉಳಿಯುತ್ತಿತ್ತು. ಬೂಸರು ಮಾನ್ವಿಯಿಂದಲೇ ಡಬ್ಬಿಯಲ್ಲಿ ಕೂತು ರಾಯಚೂರಿಗೆ ಹೋಗಿತ್ತು.

ಸುಗ್ರಾ ಬೇಗಂ ಎಲ್ಲ ಕೇಳಿ ತಲೆ ಒತ್ತಿಕೊಂಡರು. "ಒಲಿ ರಿಪೇರಿ ಮಾಡಸ್ತೀನಿ. ಆತಲ್ಲ, ಇನ್ನ ಸುಮ್ನಿರು. ಅವ್ರು ನಂಬ್ಯಾರ, ನಂಬಲಿ ಬಿಡು."

"ಆ ಬೀರೇಶನ ಕೆಲಸ ಹೋಗ್ಯಾದಲ್ರೀ."

"ಹೇಳಿದ್ರ ನಿಂದು ಹೋಗ್ತದ, ನೋಡು."

ಮೇಘಾ ಒಂದು ದಿನ ಸುಮ್ಮನಿದ್ದು ನೋಡಿದಳು. ಆಗಲಿಲ್ಲ. ಕುರ್ಚಿಯ ಮೇಲೆ ಕೂತರೆ ಚಪ್ಪಲಿ ಹಾಕಿಕೊಳ್ಳುತ್ತಿದ್ದ ಬೀರೇಶನೇ ಕಣ್ಮುಂದೆ ಬರುತ್ತಿದ್ದ. ರಾಯಚೂರಿಗೆ ಹೋಗಿ ಬುರ್ಹಾನುದ್ದೀನ್ ಅವರಿಗೆ ಇದ್ದದ್ದು ಇದ್ದ ಹಾಗೆ ಹೇಳಿದಳು. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

"ಬಜಾರದಾಗ ಆ ಹುಡುಗನ ಮರ್ಯಾದಿ ತೆಗೆದೆನಲ್ಲ," ಎಂದರು. "ನಾ ಫೋನ್ ಮಾಡಿದ್ರ ಎತ್ತಲ್ಲ. ನೀವೇ ಹೋಗಿ ಕರಕೊಂಡು ಬರ್ರಿ."

ದೇವದುರ್ಗದ ಬಸ್ಸು ಗಬ್ಬೂರು ದಾಟುವವರೆಗೂ ಮೇಘಾ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಳು. ಮನೆಯ ಬಾಗಿಲಿಗೆ ಬಂದಾಗ ಎಲ್ಲ ಮರೆತುಹೋಯಿತು. ಹೊರಗೆ ಕಟ್ಟೆಯ ಮೇಲೆ ಬೀರೇಶ ಕೂತಿದ್ದ. ಗುರುತು ಹಿಡಿದ, ಏಳಲಿಲ್ಲ. ಅವನ ತಾಯಿ ಯಮನಮ್ಮ ಮಾತ್ರ ಚಾಪೆ ಹಾಸಿದಳು.

"ರೊಟ್ಟಿ ಕೆಟ್ಟಿದ್ದು ನಮ್ಮಲ್ಲೇ," ಎಂದಳು ಮೇಘಾ. "ನಿಮ್ಮ ಗೋದಾಮಿನಾಗ ಅಲ್ಲ. ನಾನು ಸರಿಯಾಗಿ ನೋಡದ ನಿಮ್ಮ ಮ್ಯಾಲ ಹಾಕಿದೆ. ತಪ್ಪು ನಂದು."

ಯಮನಮ್ಮನಿಗೆ ಎಷ್ಟು ಅರ್ಥವಾಯಿತೋ, "ಬಿಸಲಾಗ ಬಂದೀದಿ, ಮೊದ್ಲು ಉಣ್ಣು ಯವ್ವಾ" ಎಂದು ರೊಟ್ಟಿ ಬುಟ್ಟಿ ತಂದು ಮುಂದೆ ಕೂತಳು. ಮೇಲಿನದು ಅಂಚು ಸೀದಿತ್ತು, ಬದಿಗಿಟ್ಟಳು. ಮುಂದಿನದು ಹರಿದಿತ್ತು, ಅದನ್ನೂ ಬದಿಗಿಟ್ಟಳು. ಒಂದೊಂದಾಗಿ ಸರಿಸಿ, ದುಂಡಗೆ ತೆಳ್ಳಗಿದ್ದುದನ್ನು ಆರಿಸಿ ತಟ್ಟೆಗೆ ಹಾಕಲು ಬಂದಳು.

ಮೇಘಾಳಿಗೆ ತಡೆಯಲಾಗಲಿಲ್ಲ. ಮುಖ ಆಚೆ ತಿರುಗಿಸಿ ಬುಟ್ಟಿಯೊಳಗೆ ಕೈ ಹಾಕಿ, ಸಿಕ್ಕಿದ್ದನ್ನು ಎಳೆದುಕೊಂಡಳು. ಒಂದು ಮಗ್ಗುಲು ದಪ್ಪ, ನಡುವೆ ಮೆತ್ತಗೆ.

"ಅದು ಬ್ಯಾಡ ಯವ್ವಾ, ಬಿಡು. ಮನಿಗೆ ಬಂದಾಕಿಗೆ ಅಂಥಾದು ಕೊಡ್ತಾರೇನು?"

"ಇದೇ ಇರ್ಲಿ ಯವ್ವಾ," ಎಂದು ಮುರಿದು ಬಾಯಿಗಿಟ್ಟುಕೊಂಡಳು.

ಬೀರೇಶ ಆಕೆ ನುಂಗುವವರೆಗೆ ಕಾದ. ಆಮೇಲೆ ಹೇಳಿದ.

"ನಾ ಬರ್ತೀನಿ. ಆದ್ರ ಈಗ ಇಲ್ಲಿ ಹೇಳಿದ್ದನ್ನ ಅದೇ ಅಂಗಡಿ ಕಟ್ಟಿ ಮುಂದ ನಿಂತು, ಅದೇ ಮಂದಿ ಎದುರಿಗೆ ಹೇಳಬೇಕು. ಅವತ್ತು ಎಷ್ಟು ಜೋರಾಗಿ ಹೇಳಿದ್ರಿ, ಅಷ್ಟೇ ಜೋರಾಗಿ."

ಮೇಘಾ ಹೂಂ ಎಂದಳು. ಯಮನಮ್ಮ ಆರಿಸಿದ ರೊಟ್ಟಿಯನ್ನೂ ಅವಳ ತಟ್ಟೆಗೇ ಹಾಕಿದಳು.