ಪಾಪ ಅನ್ನಬಾರದ ಮೊಲಗಳು

೧

ಎಲ್ಲಿಂದ ಶುರುಮಾಡಲಿ? ಮೊಲದಿಂದಲೋ, ನನ್ನ ಅಣ್ಣನ ಕತ್ತಿನಿಂದಲೋ?

ಅಣ್ಣನಿಂದ ಶುರುಮಾಡಿದರೆ ನೀವು ಮೊದಲ ಸಾಲಿಗೇ ಕಣ್ಣೊರೆಸಿಕೊಳ್ಳುತ್ತೀರಿ. ಆಮೇಲೆ ಮೊಲವನ್ನು ಯಾರು ಕೇಳುತ್ತಾರೆ? ಹಾಗಂತ ಮುಚ್ಚಿಡುವುದೂ ಸರಿಯಲ್ಲ. ಅಣ್ಣನ ಕತ್ತಿನ ರಕ್ತನಾಳದೊಳಗೆ ಕೊಬ್ಬು ಕಟ್ಟುತ್ತಿದೆ. ಈಗಿರುವ ಮಾತ್ರೆಗೆ ಅದು ಬಗ್ಗುತ್ತಿಲ್ಲ. ಕಟ್ಟುವ ವೇಗ ತಗ್ಗಿಸಬಹುದಾದ ಹೊಸ ಔಷಧಿಯೊಂದು ಸದ್ಯ ಮೊಲಗಳವರೆಗೆ ಬಂದಿದೆ, ಅಂದರೆ ಈ ಕಥೆಯವರೆಗೆ. ಅದು ಕೆಲಸ ಮಾಡಲಿ ಎಂದು ನನಗೆ ಆಸೆ. (ಕಥೆಗಾರನಿಗೆ ಆಸೆ ಇರಬಾರದಂತೆ. ಹಾಗೆ ಹೇಳಿದವರಿಗೆ ಅಣ್ಣ ಇರಲಿಲ್ಲವೇನೋ.)

೨

ಪ್ರಯೋಗಾಲಯ. ಟ್ಯೂಬ್‌ಲೈಟು, ಸ್ಟೀಲಿನ ಮೇಜು, ಮೂಗಿಗೆ ಅಡರುವ ಫಾರ್ಮಲಿನ್. ಸ್ಟೂಲಿನ ಮೇಲೆ ಸಂಶೋಧಕಿ. ಕೊಬ್ಬಿನ ಮೇವು ತಿಂದ ಮೊಲಗಳಲ್ಲಿ ಅರ್ಧಕ್ಕೆ ಔಷಧಿ ಸಿಕ್ಕಿದೆ, ಅರ್ಧಕ್ಕೆ ಇಲ್ಲ. ಯಾವುದಕ್ಕೆ ಎಂಬುದು ಮೇವಿಗೆ ಔಷಧಿ ಬೆರೆಸಿದ ಸಹೋದ್ಯೋಗಿಗೆ ಗೊತ್ತು. ಅಳೆಯುವ ಇವಳಿಗೆ ಗೊತ್ತಾಗಕೂಡದು. ಗೊತ್ತಾದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದೆ. (ನನಗೂ ಗೊತ್ತು. ಬರೆಯುವವನು ನಾನಲ್ಲವೇ!)

ಹೃದಯದಿಂದ ಹೊರಟ ದೊಡ್ಡ ರಕ್ತನಾಳವನ್ನು ಅವಳು ಉದ್ದಕ್ಕೆ ಸೀಳಿ, ಕಪ್ಪು ಮೇಣದ ಮೇಲೆ ಹರಡಿ, ಸಣ್ಣ ಸಣ್ಣ ಪಿನ್ನು ಚುಚ್ಚುತ್ತಾಳೆ. ಬಣ್ಣ ಹೊಯ್ದು ತೊಳೆದರೆ ಕೊಬ್ಬು ಕಟ್ಟಿದಲ್ಲೆಲ್ಲ ಕೆಂಪು, ಉಳಿದದ್ದು ಮುತ್ತಿನ ಬಿಳುಪು. ಆ ಕೆಂಪು ಎಷ್ಟಗಲ ಹರಡಿದೆ ಎಂದು ಅಳೆಯುತ್ತಾಳೆ.

ಅಬ್ಬಾ! ನಾನು ಪೆನ್ನು ಕೆಳಗಿಟ್ಟೆ. ಒಂದು ಪ್ರಾಣಿ ಬದುಕಿದ್ದಷ್ಟು ಕಾಲ ಯಾರೂ ಕಾಣದ ಗೋಡೆ ಇದು. ಕಿರುಬೆರಳಿನಷ್ಟೂ ಅಗಲವಿಲ್ಲ. ಆ ಜೀವವೆಲ್ಲ ಇದರೊಳಗೇ ಹರಿದುಹೋಗಿತ್ತು. ಮೈ ಜುಮ್ಮೆಂದಿತು.

೩ (ಹರಿದುಹಾಕಿದ ಕರಡು)

‘ಪಾಪದ ಮೊಲ, ಅದರ ರಕ್ತನಾಳದ ತುಂಬ...’

ಅಷ್ಟರಲ್ಲಿ ಅವಳು ಚಿಮಟ ಇಟ್ಟು ನನ್ನ ಕಡೆ ತಿರುಗಿದಳು.

"ಏನ್ ಬರೆದ್ರಿ ಈಗ?"

"ಪಾಪ ಅಂದೆ, ಅಷ್ಟೇ."

"ಅಷ್ಟೇನಾ? ಇದಕ್ಕೆ ಔಷಧಿ ಸಿಕ್ಕಿಲ್ಲ ಅಂತ ನಂಗೆ ಗೊತ್ತಾಗೋಯ್ತು! ಬೆಳಗ್ಗಿಂದ ಅಳೆದಿದ್ದೆಲ್ಲ ನೀರಲ್ಲಿ ಹೋಮ ಮಾಡಿದ ಹಾಗಾಯ್ತಲ್ಲ ಸಾರ್."

"ತಪ್ಪಾಯ್ತು ತಾಯಿ. ಇನ್ಮೇಲೆ ಬಾಯಿ ಬಿಡಲ್ಲ."

"ಬಾಯಿ ಬಿಡದಿದ್ರೂ ನಿಮ್ಮ ವಾಕ್ಯ ಬಿಡುತ್ತೆ. ನೀವೂ ತಿಳ್ಕೊಳ್ದೇ ಇರಿ."

ಸಹೋದ್ಯೋಗಿಯನ್ನು ಕರೆಸಿದಳು. ಅವನು ರಕ್ತನಾಳಗಳನ್ನಿಟ್ಟ ಸೀಸೆಗಳ ಗುರುತು ಬದಲಿಸಿ, ಎಲ್ಲ ಕಲಸಿ ಕೊಟ್ಟು ಹೋದ. ಈಗ ನನಗೂ ಗೊತ್ತಿಲ್ಲ. ನಾನೇ ಕಟ್ಟಿದ ಕೋಣೆಯಲ್ಲಿ ನಾನೇ ಕಣ್ಣು ಕಟ್ಟಿಸಿಕೊಂಡು ಕೂತಿದ್ದೇನೆ. ಇಷ್ಟು ವರ್ಷ ಬರೆದರೂ ಕಥೆಯ ಮುಂದೆ ಹೀಗೆ ಕೈಕಟ್ಟಿ ನಿಂತದ್ದಿಲ್ಲ, ನಿಜಕ್ಕೂ.

೪

ಮುಕ್ತಾಯ ಒಂದು: ಔಷಧಿ ಗೆದ್ದಿತು. (ಅವಳು ಕೆಮ್ಮಿದಳು.)

ಮುಕ್ತಾಯ ಎರಡು: ಸೋತಿತು. (ನಾನೇ ಹೊಡೆದುಹಾಕಿದೆ.)

೪, ಮತ್ತೆ

ಅಣ್ಣ ಯಾವಾಗ ಬಂದನೋ, ಬೆನ್ನ ಹಿಂದೆ ನಿಂತು ಓದುತ್ತಿದ್ದ.

"ಕಥೆ ತಾನೇ? ಕೆಲಸ ಮಾಡ್ತು ಅಂತ ಬರೆದುಬಿಡೋ."

ಒಂದು ಸಾಲು. ಅಣ್ಣನಿಗಾಗಿ ಅಷ್ಟೂ ಮಾಡಲಾರೆನೇ? ಪೆನ್ನು ಎತ್ತಿದೆ. ಆಗಲಿಲ್ಲ.

"ಬರೆದ್ರೆ ಅದು ನನ್ನ ಬಾಯಿಮಾತು ಅಷ್ಟೇ ಅಣ್ಣ. ನಿನ್ನ ಕತ್ತಿಗೆ ತಾಗಲ್ಲ."

ಅವಳು ತಲೆ ಎತ್ತದೆ ಹೇಳಿದಳು: "ಗೆದ್ರೂ ಅದು ಮೊಲದಲ್ಲಿ ಗೆದ್ದಿದ್ದು, ದೊಡ್ಡವ್ರೇ. ಮನುಷ್ಯರದ್ದು ಇನ್ನೂ ದೂರ. ಸುಳ್ಳು ಹೇಳಿ ಆ ದಾರಿ ಗಿಡ್ಡ ಮಾಡೋಕಾಗಲ್ಲ."

ಅಣ್ಣನ ಕೈ ತಾನಾಗಿ ಕತ್ತಿಗೆ ಹೋಯಿತು. ಅವನು ಮೆಲ್ಲಗೆ ಬಾಗಿ ಮೇಣದ ಮೇಲಿನದ್ದನ್ನು ನೋಡಿದ.

"ಅಬ್ಬಬ್ಬಾ! ನನ್ನೊಳಗೂ ಹಿಂಗೇ ಇರುತ್ತೇನಮ್ಮ?"

"ಹೆಚ್ಚುಕಮ್ಮಿ ಹಿಂಗೇ."

"ಎಷ್ಟ್ ಚೆನ್ನಾಗಿದೆಯೋ," ಅಂದ, ನನಗೆ. ಹೆದರಿಕೆ ಇರಬೇಕಾದ ಮುಖದಲ್ಲಿ ಬೆರಗಿತ್ತು. ಒಂದು ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. "ನೀವು ಅಳೀರಿ. ಮುಗಿಯೋವರೆಗೂ ಇರ್ತೀನಿ."

೫

ಅವಳು ಕೊನೆಯ ಪಿನ್ನು ಇನ್ನೂ ಚುಚ್ಚಿಲ್ಲ. ಸಹೋದ್ಯೋಗಿ ಬಾಗಿಲಿಗೆ ಬಂದು ನಿಂತಿದ್ದಾನೆ. ಯಾವ ಸೀಸೆ ಯಾವ ಮೊಲದ್ದು ಎಂದು ಬಲ್ಲವನು ಅವನೊಬ್ಬನೇ. ಇದುವರೆಗೆ ಅಳೆದ ಅಂಕಿಗಳ ಮೇಲೂ ಆಗಲೇ ಕಣ್ಣಾಡಿಸಿದ್ದಾನೆ. ಅವನ ಮುಖ ಹೇಗಿದೆ ಎಂದು ನನ್ನನ್ನು ಕೇಳಬೇಡಿ, ನಾನು ಆ ಕಡೆ ನೋಡುತ್ತಿಲ್ಲ.

ಅಣ್ಣನೂ ತಿರುಗಿ ನೋಡಲಿಲ್ಲ.