ಗಂಟೆಕಳ್ಳ

ಕಾಲರಿನ ಒಳಮಡಿಕೆಗೆ ಇಸ್ತ್ರಿಪೆಟ್ಟಿಗೆಯ ಮೂತಿ ತೂರಿಸುತ್ತಿದ್ದಾಗ ಮೈದುನ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ಕೈಯಲ್ಲಿದ್ದ ಫೋನು ಇನ್ನೂ ಬೆಳಗುತ್ತಿತ್ತು.

"ಅತ್ತಿಗೆ, ಸ್ವಲ್ಪ ಕಾಯಬೇಕಂತೆ."

"ಯಾರಿಗೆ?"

"ನಮ್ಮ ಮಾಲೀಕರಿಗೆ. ಎಲ್ಲೋ ಭಾಷಣ ಇದೆಯಂತೆ, ಮುಗಿಸ್ಕೊಂಡು ಸೀದಾ ಇಲ್ಲಿಗೇ ಬರ್ತಾರಂತೆ. ಅಣ್ಣನ ಬಗ್ಗೆ ಅವರೇ ನಾಲ್ಕು ಮಾತಾಡ್ತಾರಂತೆ."

ಅವಳು ಕಾಲರು ಬಿಟ್ಟು ತೋಳಿಗೆ ಹೋದಳು. ಸತ್ತವನ ಅಂಗಿಯಲ್ಲಿ ಯಾರೂ ತೋಳಿನ ಗೆರೆ ನೋಡುವುದಿಲ್ಲ ಎಂದು ಪಕ್ಕದ ಮನೆಯಾಕೆ ಆಗಲೇ ಎರಡು ಸಲ ಹೇಳಿ ಹೋಗಿದ್ದಳು. ಮೂವತ್ತೆಂಟು ವರ್ಷ ಎಳೆದ ಗೆರೆ. ಇವತ್ತೊಂದು ದಿನ ಬಿಡಲು ಅವಳಿಗೆ ಕಾರಣ ಕಾಣಲಿಲ್ಲ.

"ವ್ಯಾನು ಹತ್ತಕ್ಕೆ," ಎಂದಳು.

"ವ್ಯಾನಿನವನಿಗೆ ನಾನು ಹೇಳ್ತೀನಿ. ಅಷ್ಟು ದೊಡ್ಡವರು ಈ ಗಲ್ಲಿಗೆ ಬರ್ತೀನಿ ಅಂದಿದಾರೆ. ಅಣ್ಣನಿಗೇ ಮರ್ಯಾದೆ ಅಲ್ವಾ? ನನಗೂ ಅಲ್ಲಿ ಇನ್ನೂ ಆರು ವರ್ಷ ಸರ್ವೀಸಿದೆ, ಅತ್ತಿಗೆ." ಅವನು ದನಿ ತಗ್ಗಿಸಿದ. "ಅವರ ಪುಸ್ತಕಾನೂ ಕಳಿಸಿದಾರೆ. ಬಂದವರಿಗೆ ಒಂದೊಂದು ಕೊಡಿ ಅಂತ."

ಅವಳು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

"ಎಲ್ಲಿಟ್ಟಿದೀಯ?"

"ಸ್ಟೂಲಿನ ಮೇಲೆ."

ನಡುಮನೆಯಲ್ಲಿ ಗಂಡ ಕಿಟಕಿಯ ಕಡೆ ತಲೆಯಿಟ್ಟು ಮಲಗಿದ್ದ. ಮಗಳು ಪಕ್ಕದಲ್ಲಿ ಕೂತು ಅವನ ಉಗುರಿನ ಸಂದಿಯ ಹಳೆಯ ಅಂಟನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಳು. ಅದು ಹೋಗುವಂಥದ್ದಲ್ಲ. ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು. ಗಡಿಯಾರದ ಕೆಳಗಿದ್ದ ಸ್ಟೂಲಿನ ಮೇಲೆ ಪುಸ್ತಕಗಳ ಅಟ್ಟಿ. ಹೊದಿಕೆಯ ಮೇಲೆ ಮಾಲೀಕನ ನಗುಮುಖ, ಅದರ ಕೆಳಗೆ 'ಮೇಲೆ ಬರುವವರ ಅಭ್ಯಾಸಗಳು' ಎಂಬ ದಪ್ಪಕ್ಷರ.

ಅವಳು ಅಟ್ಟಿಯನ್ನು ಎತ್ತಿ ಚಪ್ಪಲಿ ಗೂಡಿನ ಪಕ್ಕದ ನೆಲಕ್ಕಿಟ್ಟಳು. ನಂತರ ತಾಯಿಮಗಳು ಸೇರಿ ಅವನಿಗೆ ಅಂಗಿ ತೊಡಿಸಿದರು. ಬಿಗಿದ ತೋಳು ಬಗ್ಗಲಿಲ್ಲ. "ಸ್ವಲ್ಪ ಸಡಿಲ ಬಿಡಿ ನೋಡೋಣ," ಎಂದು ಅವಳು ಕೂಸಿಗೆ ಹೇಳುವಂತೆ ಹೇಳಿದಳು.

ಅಣ್ಣತಮ್ಮ ಇಬ್ಬರೂ ದುಡಿಯುತ್ತಿದ್ದ ಕುರ್ಚಿ ಕಾರ್ಖಾನೆಯಿಂದ ನಾಲ್ಕೈದು ಜನ ಬಂದಿದ್ದರು. ಕುರ್ಚಿಗಳಿಗೆ ಪಾಲಿಶ್ ಹಚ್ಚುತ್ತಿದ್ದ ಮುದುಕ ಮೂಲೆಯ ಕುರ್ಚಿಯಲ್ಲಿ ಕೂತು, ಹಿಂದೆ ಮುಂದೆ ವಾಲಿ ನೋಡಿದ.

"ಅಲ್ಲಾಡಲ್ಲ ನೋಡಿ. ಕಣ್ಣು ಮುಚ್ಕೊಂಡು ಕೂತು, ಯಾವ ಕಾಲು ಕೂದಲೆಳೆಯಷ್ಟು ಗಿಡ್ಡ ಅಂತ ಹೇಳ್ತಿದ್ದ ಪುಣ್ಯಾತ್ಮ. ನಿಮ್ಮ ತಲೇನೂ ಒಂದ್ಸಲ ಅವರಿಗೆ ತೋರಿಸಿ, ಎಲ್ಲಿ ಸಡಿಲ ಆಗಿದೆ ಹೇಳ್ತಾರೆ ಅಂತಿದ್ಲು ನನ್ನ ಹೆಂಡತಿ."

ಒಂದಿಬ್ಬರು ಮೆಲ್ಲಗೆ ನಕ್ಕರು. ಮುದುಕ ಕಣ್ಣೊರೆಸಿಕೊಂಡು, "ಆ ಗಡಿಯಾರದ ಚಾಳಿ ಒಂದು ಬಿಟ್ರೆ ಮನುಷ್ಯ ಅಪ್ಪಟ ಚಿನ್ನ," ಎಂದ.

ಗುಂಡಿ ಹಾಕುತ್ತಿದ್ದ ಮಗಳ ಬೆರಳು ನಿಂತಿತು. ಅವಳು ತಲೆ ಎತ್ತಲಿಲ್ಲ. ತಾಯಿ ಅದನ್ನು ನೋಡಿದಳು. ಸತ್ತ ಅಪ್ಪನ ಎದುರಿಗೂ ಮಗಳು ಅವನ ಪರವಾಗಿ ನಾಚಿಕೊಳ್ಳುತ್ತಿದ್ದಳು.

*

ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಗಂಡ ಬುತ್ತಿ ಮರೆತು ಹೋದನೆಂದು ಅವಳು ಅವನ ಹಿಂದೆಯೇ ಕಾರ್ಖಾನೆಗೆ ಹೋದಳು. ಎಂಟಕ್ಕಿನ್ನೂ ಹತ್ತು ನಿಮಿಷವಿತ್ತು. ಒಳಗೆ ಮರದ ಪುಡಿಯ ವಾಸನೆ, ಸಾಲಾಗಿ ಜೋಡಿಸಿಟ್ಟ ಉಳಿಗಳು. ಅವನು ಸ್ಟೂಲು ಹತ್ತಿ, ಗಾಜಿಲ್ಲದ ಗೋಡೆ ಗಡಿಯಾರದ ದೊಡ್ಡ ಮುಳ್ಳನ್ನು ಬೆರಳಿನಿಂದ ಹಿಂದಕ್ಕೆ ತಳ್ಳುತ್ತಿದ್ದ.

"ನೀನು ನೋಡಿಲ್ಲ," ಎಂದ ಇಳಿಯುತ್ತ.

"ಏನು ನೋಡಿಲ್ಲ?"

ಅವನು ಕಿಟಕಿಯ ಹತ್ತಿರ ಕರೆದ. ಗುಮಾಸ್ತ ಹಾಜರಿ ಪುಸ್ತಕ ಹಿಡಿದು ಬಂದ. ಕೆಲಸದವರು ಒಬ್ಬೊಬ್ಬರಾಗಿ ಬಂದರು. ಗೋಡೆಯ ಗಡಿಯಾರ ಎಂಟು ತೋರಿಸಿದ ಕೂಡಲೇ ಗುಮಾಸ್ತ ಕೆಂಪು ಗೀಟು ಎಳೆಯುವವನು. ಗೀಟಿನ ಕೆಳಗೆ ಮೂರು ಸಲ ಹೆಸರು ಬಂದರೆ ಕೆಲಸ ಹೋಯಿತು. ಕೈಗೆ ಗಡಿಯಾರ ಕಟ್ಟುವಷ್ಟು ಅನುಕೂಲವಿದ್ದವರು ಅಲ್ಲಿ ಯಾರೂ ಇರಲಿಲ್ಲ.

ಇನ್ನೇನು ಗೀಟು ಎಳೆಯಬೇಕು, ಗಲ್ಲಿಯ ತುದಿಯಿಂದ ಒಬ್ಬ ಓಡಿ ಬಂದ. ಅಂಗಿಯ ಗುಂಡಿ ತೆರೆದಿತ್ತು. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಅವನು ಏದುಸಿರು ಬಿಡುತ್ತ ಗಡಿಯಾರ ನೋಡಿ, "ಸರಿಯಾಗಿ ಎಂಟು," ಎಂದು ಎದೆಯುಬ್ಬಿಸಿದ.

ಗಂಡನ ಜೊತೆ ಒಂದೇ ಬೆಂಚಿನಲ್ಲಿ ಕೆಲಸ ಮಾಡುತ್ತಿದ್ದ ಗೆಳೆಯ. ಅವಳು ಅವತ್ತೇ ಅವನಿಗೆ ನಿದ್ದೆಬುರುಕ ಎಂದು ಹೆಸರಿಟ್ಟಳು.

"ಅವನಿಗೆ ಹೇಳಿ ಮಾಡ್ತಿದೀರಾ?"

"ಹೇಳಿದ್ರೆ ಇನ್ನೂ ಹತ್ತು ನಿಮಿಷ ಮಲಗ್ತಾನೆ."

ಸಂಜೆ ಎಲ್ಲರೂ ಚಹಾಕ್ಕೆ ಹೋದಾಗ ಅವನು ಮುಳ್ಳನ್ನು ಹತ್ತು ನಿಮಿಷ ಮುಂದೆ ತಳ್ಳಿ ಸರಿ ಮಾಡುತ್ತಿದ್ದ. ಕಾರ್ಖಾನೆಗೆ ನಷ್ಟವಾದ ಹತ್ತು ನಿಮಿಷಕ್ಕೆ ಬದಲಾಗಿ, ಎಲ್ಲರೂ ಹೋದ ಮೇಲೆ ಉಳಿದು ನೆಲ ಗುಡಿಸುತ್ತಿದ್ದ.

"ನಿಮಗೇನು ಬಂತು ಕರ್ಮ?" ಎಂದು ಅವಳು ಕೇಳಿದಾಗ, "ಬೆಳಿಗ್ಗೆ ಎಬ್ಬಿಸೋಕೆ ಮನೇಲಿ ಯಾರಿದಾರೆ ಅವನಿಗೆ?" ಎಂದಿದ್ದ.

ಮೂರನೇ ವರ್ಷ, ಹೊಸ ಮೇಸ್ತ್ರಿಯನ್ನು ಆರಿಸುವ ವಾರ, ಹಳೆಯ ಧಣಿ ಚಹಾದ ಹೊತ್ತಿಗೆ ಒಳಗೆ ಬಂದರು. ಕೈಯಲ್ಲಿ ಎಲ್ಲರಿಗಿಂತ ಹೆಚ್ಚು ಕಸುಬಿದ್ದ ಅವನು ಸ್ಟೂಲು ಹತ್ತಿ ಗಡಿಯಾರದ ಮುಳ್ಳನ್ನು ಮುಂದಕ್ಕೆ ತಳ್ಳುತ್ತಿದ್ದ. ಬೇಗ ಮನೆಗೆ ಹೋಗುವ ಹುನ್ನಾರ ಎಂದು ಅವರು ತಿಳಿದರು. ಬೇರೆ ಏನು ತಿಳಿಯಲು ಸಾಧ್ಯ? ನಿಜ ಹೇಳಿದರೆ ಗೆಳೆಯನ ಕೆಲಸ ಹೋಗುತ್ತಿತ್ತು. ಅವನು ತಲೆ ತಗ್ಗಿಸಿ ನಿಂತ. ನಿದ್ದೆಬುರುಕ ಮೇಸ್ತ್ರಿಯಾದ, ಒಂದು ದಿನವೂ ತಡವಾಗಿ ಬಂದವನಲ್ಲ ಎಂಬ ಕಾರಣಕ್ಕೆ. ನಂತರ ಪಾಲುದಾರನಾದ. ಆಮೇಲೆ ಮಾಲೀಕ.

ಇವನಿಗೆ ಉಳಿದದ್ದು ಒಂದು ಅಡ್ಡಹೆಸರು. ಗಂಟುಕಳ್ಳರನ್ನು ನೋಡಿದೀವಿ, ಗಂಟೆಕಳ್ಳನನ್ನು ಇಲ್ಲೇ ನೋಡಿದ್ದು ಎಂದು ಯಾರೋ ಅಂದದ್ದು ಹಾಗೇ ಅಂಟಿಕೊಂಡಿತು.

"ಈಗಲಾದ್ರೂ ಅವನಿಗೆ ಹೇಳಬಹುದಲ್ಲ?" ಎಂದು ಅವಳು ಎಷ್ಟೋ ವರ್ಷದ ಮೇಲೆ ಕೇಳಿದ್ದಳು.

ಅವನು ಊಟದ ತಟ್ಟೆಯಿಂದ ಮುಖ ಎತ್ತದೆ ಹೇಳಿದ್ದ, "ಈಗ ಹೇಳಿದ್ರೆ ಅವನ ಹತ್ರ ಏನು ಉಳಿಯುತ್ತೆ? ನೀನೂ ಹೇಳಬೇಡ. ನನ್ನಾಣೆ."

*

"ಆ ಪುಸ್ತಕ ಒಂದು ತಗೊಂಡು ಬಾ," ಎಂದಳು ಮಗಳಿಗೆ. "ಎರಡನೇ ಪಾಠ ಓದು. ಗಟ್ಟಿಯಾಗಿ."

"ಈಗ ಬೇಡಮ್ಮ."

"ಓದು."

ಮಗಳು ನಿಂತುಕೊಂಡೇ ಓದಿದಳು. "'ನನಗೊಬ್ಬ ಗೆಳೆಯನಿದ್ದ. ಕೆಲಸದಲ್ಲಿ ನನಗಿಂತ ಜಾಣ. ಆದರೆ ಬೇಗ ಮನೆಗೆ ಹೋಗಲು ಗಡಿಯಾರದ ಮುಳ್ಳನ್ನೇ ಮುಂದೆ ತಳ್ಳುತ್ತಿದ್ದ. ನಾನು ಒಂದು ದಿನವೂ ತಡವಾಗಿ ಹೋದವನಲ್ಲ. ನಾನು ಇಲ್ಲಿದ್ದೇನೆ. ಅವನು ಇಂದಿಗೂ ಅದೇ ಬೆಂಚಿನಲ್ಲಿದ್ದಾನೆ...'"

ಅವಳು ಪುಸ್ತಕ ಮುಚ್ಚಿದಳು. ಈ ಕತೆ ಅವಳಿಗೆ ಹೊಸದಲ್ಲ. ಹನ್ನೆರಡು ವರ್ಷದವಳಿದ್ದಾಗ ಮಾಲೀಕ ಅವಳ ಶಾಲೆಗೆ ಬಂದು ಇದೇ ಕತೆ ಹೇಳಿದ್ದ. ಯಾರ ಕತೆಯೆಂದು ತಿಳಿಯದೆ ಅವಳು ಮನೆಗೆ ಬಂದು, ಅಪ್ಪನ ಎದುರಿಗೇ ಸ್ಟೂಲು ಹತ್ತಿ ಮುಳ್ಳು ತಳ್ಳುವ ಅಭಿನಯ ಮಾಡಿ ನಗಿಸಿದ್ದಳು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕಿದ್ದ. ಆ ಗೆಳೆಯ ಯಾರೆಂದು ಮುಂದೆ ಚಿಕ್ಕಪ್ಪನ ಬಾಯಿಂದ ತಿಳಿದ ಮೇಲೆ, ಕಾಲೇಜಿನ ಫೀಸಿಗೆ ಕಷ್ಟವಾದ ಒಂದು ದಿನ, "ನೀವು ಅವತ್ತು ಆ ಗಡಿಯಾರ ಮುಟ್ಟದೇ ಇದ್ದಿದ್ರೆ ನಮಗೆ ಈ ಗತಿ ಬರ್ತಿರಲಿಲ್ಲ," ಎಂದು ಅಂದುಬಿಟ್ಟಿದ್ದಳು. ಅವನು ಆಗ ನಕ್ಕಿರಲಿಲ್ಲ.

"ಬೆಳಿಗ್ಗೆ ಅದೇ ಮುಳ್ಳನ್ನ ಹಿಂದಕ್ಕೆ ತಳ್ಳಿದ್ದು ಯಾರು ಅಂತ ಅದರಲ್ಲಿ ಬರೆದಿದೆಯಾ?" ತಾಯಿ ಕೇಳಿದಳು.

"ಏನಮ್ಮ?"

ಅವಳು ಹೇಳಿದಳು. ಅಳಲಿಲ್ಲ. ಪಾತ್ರೆ ಉಜ್ಜುವವಳಂತೆ, ಒಂದೊಂದಾಗಿ, ಕೆಂಪು ಗೀಟು, ಕೈಯಲ್ಲಿನ ಚಪ್ಪಲಿ, ಹಾಕಿಸಿಕೊಂಡ ಆಣೆ, ಎಲ್ಲವನ್ನೂ ತೆಗೆದಿಟ್ಟಳು. ಮಾತು ಮುಗಿದಾಗ ಪಾಲಿಶಿನ ಮುದುಕ ಕುರ್ಚಿಯಿಂದ ಎದ್ದು ನಿಂತಿದ್ದ.

"ಅದಕ್ಕೇನಾ ದಿನಾ ಗುಡಿಸ್ತಿದ್ದ?" ಎಂದ. "ನಾವು ಅಂದ್ಕೊಂಡಿದ್ವಿ... ಧಣಿಗೆ ಬೆಣ್ಣೆ ಹಚ್ತಾನೆ ಅಂತ. ಅಂದೂ ಬಿಟ್ಟಿದ್ವಿ, ಮುಖದ ಮೇಲೇ."

ಮಗಳು ತಾಯಿಯ ಮೇಲೆ ತಿರುಗಿದಳು. "ಇಷ್ಟು ವರ್ಷ ನೋಡ್ಕೊಂಡು ಸುಮ್ನಿದ್ದೆಯಾ? ನಾನು ಅವರಿಗೆ ಏನೇನಂದೆ, ನಿನಗೆ ಕೇಳಿಸ್ತಿತ್ತು. ಆಣೆಯಂತೆ ಆಣೆ. ನೀವಿಬ್ರೂ ಸೇರ್ಕೊಂಡು ಆ ಮನುಷ್ಯನಿಗೆ ಜೋಗುಳ ಹಾಡಿದಿರಿ, ನನ್ನ ಕೈಲಿ ಅಪ್ಪನಿಗೆ ಬೈಸಿದಿರಿ."

"ಹೌದು," ಎಂದಳು ತಾಯಿ. "ನನಗೂ ಅವರ ಮೇಲೆ ಅದೇ ಸಿಟ್ಟು. ಬಿಟ್ಟುಕೊಡೋದೂ ಒಂದು ಚಟ ಕಣೆ. ಅವರಿಗೆ ಹತ್ತಿತ್ತು, ನನಗೂ ಹತ್ತಿಸಿದ್ರು."

ಹೊರಗೆ ವ್ಯಾನು ಬಂದು ನಿಂತಿತು. ಚಾಲಕ ಬಾಗಿಲಲ್ಲಿ ಇಣುಕಿದ. "ಅಮ್ಮ, ಹತ್ತಕ್ಕೆ ಹೊರಡೋಣ್ವಾ? ಹನ್ನೆರಡಕ್ಕೆ ಇನ್ನೊಂದು ಕಡೆ ಒಪ್ಕೊಂಡಿದೀನಿ. ಹೋದವರೇನು ಅವಸರ ಮಾಡಲ್ಲ, ಮನೆಯವರು ಮಾಡ್ತಾರೆ."

ಮೈದುನನ ಫೋನು ಮತ್ತೆ ಹೊಡೆದುಕೊಂಡಿತು. ಅವನು ಕೇಳಿಸಿಕೊಂಡು, ಅದರ ಮೇಲೆ ಅಂಗೈ ಮುಚ್ಚಿ, "ಅತ್ತಿಗೆ, ಹೊರಟಿದಾರಂತೆ. ಹತ್ತು ನಿಮಿಷ. ಹತ್ತು ನಿಮಿಷದಲ್ಲಿ ಏನು ಹೋಗುತ್ತೆ?" ಎಂದ.

ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಒಂದು ನಿಮಿಷವಿತ್ತು. ಅವಳು ಆ ಖಾಲಿ ಸ್ಟೂಲನ್ನು ನೋಡುತ್ತ ನಿಂತಳು. ಗಂಡನಿದ್ದಿದ್ದರೆ ಇಷ್ಟು ಹೊತ್ತಿಗೆ ಅದನ್ನು ಹತ್ತಿರುತ್ತಿದ್ದ.

ಅವಳು ಸ್ಟೂಲನ್ನು ಕಾಲಿನಿಂದ ಗೋಡೆಯ ಮೂಲೆಗೆ ತಳ್ಳಿದಳು. "ಎತ್ತಿ," ಎಂದಳು.

ಮಗಳು ತಲೆಯ ಕಡೆ ಹೋದಳು. ಮುದುಕ ಇನ್ನೊಂದು ಬದಿಗೆ ಬಂದ. ಕಾಲಿನ ಕಡೆ ಜಾಗ ಖಾಲಿಯಿತ್ತು. ಮೈದುನ ಫೋನನ್ನು ನೋಡಿದ, ಅಣ್ಣನ ಪಾದ ನೋಡಿದ. ಫೋನು ಅವನ ಕೈಯಲ್ಲಿ "ಹಲೋ, ಹಲೋ" ಎನ್ನುತ್ತಿತ್ತು. ಅದನ್ನು ಹಾಗೇ ಜೇಬಿಗೆ ತುರುಕಿ ಬಗ್ಗಿ ಹಿಡಿದುಕೊಂಡ.

ಗಲ್ಲಿ ಇಕ್ಕಟ್ಟಿನದು. ಬಂದವರ ಸ್ಕೂಟರುಗಳನ್ನು ಒಂದೊಂದಾಗಿ ಸರಿಸಿ ವ್ಯಾನಿಗೆ ದಾರಿ ಮಾಡುವುದರಲ್ಲೇ ಹೊತ್ತು ಹೋಯಿತು. ತಾಯಿಮಗಳು ಅವನ ಅಕ್ಕಪಕ್ಕ ಕೂತರು. ಮಗಳು ತೋಳಿನ ಗೆರೆ ಮುರಿಯದಂತೆ ಅಪ್ಪನ ಕೈಯನ್ನು ತನ್ನ ಮಡಿಲಿಗೆ ತೆಗೆದುಕೊಂಡಳು.

ವ್ಯಾನು ನಾಲ್ಕು ಮನೆ ದಾಟಿತ್ತು. ಹಿಂದೆ, ಗಲ್ಲಿಯ ಆ ತುದಿಯಲ್ಲಿ, ಒಳಗೆ ಬರಲಾಗದೆ ಉದ್ದನೆಯ ಕಾರೊಂದು ನಿಂತಿತು. ಬಾಗಿಲು ತೆರೆಯಿತು.

ಚಾಲಕ ಕನ್ನಡಿ ನೋಡಿದ. "ಅಮ್ಮ, ಯಾರೋ ಹಿರಿಯರು ಓಡಿ ಬರ್ತಿದಾರೆ. ಹೂವಿನ ಹಾರ ಇದೆ ಕೈಲಿ. ನಿಲ್ಲಿಸ್ಲಾ?"

"ಗಂಟೆ ಎಷ್ಟು?"

"ಹತ್ತು ಗಂಟೆ ಹತ್ತು ನಿಮಿಷ."

"ನಡೀರಿ."

ಅವಳು ಹಿಂದಿನ ಗಾಜಿನಲ್ಲಿ ನೋಡಿದಳು. ಕೋಟಿನ ಗುಂಡಿ ತೆರೆದಿತ್ತು. ಹಾರ ಮೊಣಕಾಲಿಗೆ ಬಡಿಯುತ್ತಿತ್ತು. ಎಡವಿದಾಗ ಒಂದು ಷೂ ಕಳಚಿತು. ಅವನು ಬಗ್ಗಿ ಅದನ್ನು ಕೈಗೆತ್ತಿಕೊಂಡ, ತಲೆಯೆತ್ತಿ ವ್ಯಾನನ್ನು ನೋಡಿದ, ಮತ್ತೆ ಓಡತೊಡಗಿದ.