ಹಗೇವಿನ ಬಿಸುಪು

ಸಂಗೊಳ್ಳಿಯ ಕೆಳಗಿನ ಓಣಿಯ ಟಿಸಿ, ಅಂದರೆ ವಿದ್ಯುತ್ ಟ್ರಾನ್ಸ್‌ಫಾರ್ಮರ್, ಸುಟ್ಟು ಕರೆಂಟು ಹೋಗಿ ಎರಡನೇ ದಿನ. ಹೊತ್ತು ಮುಳುಗುವ ಮೊದಲೇ ಗೋಡೆಗಳು ತಣ್ಣಗಾಗಿದ್ದವು. ಶೀತಲ್ ಗಾಜಿನ ಪೆಟ್ಟಿಗೆಯ ಥರ್ಮಾಮೀಟರನ್ನು ಮತ್ತೊಮ್ಮೆ ನೋಡಿದಳು. ಮೂವತ್ತು ಇರಬೇಕಾದಲ್ಲಿ ಇಪ್ಪತ್ತೆರಡು. ಇನ್ವರ್ಟರ್ ನಿನ್ನೆಯೇ ಕೈಕೊಟ್ಟಿತ್ತು.

ಒಳಗಿದ್ದವು ಚಕ್ಕುಲಿ ಮತ್ತು ಉಂಡಿ. ಆಫ್ರಿಕಾ ಮೂಲದ, ವಿಷವಿಲ್ಲದ ಎರಡು ಸಣ್ಣ ಹೆಬ್ಬಾವುಗಳು. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಊರು ಬಿಡುತ್ತಿದ್ದ ಗೆಳತಿ ಕೊಟ್ಟುಹೋಗಿದ್ದಳು. ಅರಣ್ಯ ಇಲಾಖೆಯ ನೋಂದಣಿಯೂ ಆಗಿತ್ತು. ಹೆದರಿದರೆ ಕಚ್ಚುವ ಜಾತಿಯಲ್ಲ, ತಲೆಯನ್ನು ನಡುವೆ ಹುದುಗಿಸಿಕೊಂಡು ಉಂಡೆಯಾಗುವ ಜಾತಿ. ಹೊರಗೆ ಎಷ್ಟು ಬಿಸಿಯೋ ಅವುಗಳ ಒಳಗೂ ಅಷ್ಟೇ ಬಿಸಿ. ಉಂಡಿಗೆ ಕಳೆದ ತಿಂಗಳು ಶ್ವಾಸಕೋಶದ ರೋಗ ಬಂದು ಹೋಗಿತ್ತು. ಇನ್ನೊಂದು ರಾತ್ರಿ ಈ ಚಳಿಯಲ್ಲಿ ಕಳೆದರೆ ಅದು ಉಳಿಯುವುದಿಲ್ಲವೆಂದು ಶೀತಲ್‌ಗೆ ಗೊತ್ತಿತ್ತು.

ಲೈನ್‌ಮನ್ ಬಾಳು ಫೋನಿನಲ್ಲಿ, "ಅಕ್ಕಾರ, ಹೊಸಾ ಟಿಸಿ ನಾಳೆ ಮುಂಜಾನೆ ಬರತೈತ್ರಿ. ತೋಳಾಗ ಹೊತಗೊಂಡು ಬರೂ ಸಾಮಾನಲ್ರೀ ಅದು," ಎಂದಿದ್ದ.

ಅವ್ವ ಸಾವಿತ್ರೆವ್ವ ಕಾದ ನೀರು ತಂದು ಬಾಟಲಿಗೆ ಸುರಿದಳು. "ಬಾಣಂತಿಗೂ ಇಷ್ಟು ನೀರು ಕಾಸಿಲ್ಲವ್ವಾ ನಾ. ಐತವಾರ ಮುನವಳ್ಳಿಯವರು ನೋಡಾಕ ಬರ್ತಾರ. ಹುಡುಗಿ ಏನು ಮಾಡ್ತಾಳ್ರಿ ಅಂದ್ರ, ಹಾವಿಗೆ ಕೌದಿ ಹೊಚ್ಚತಾಳ್ರಿ ಅನ್ಲೇನು?"

"ಅನ್ನು. ಸೊಸಿ ಮೈಗಳ್ಳಿ ಅಲ್ಲ ಅಂತ ತಿಳೀತೈತಿ."

ಅವ್ವ ನಗಲಿಲ್ಲ. ಹಿಂದೆ ಬಂದಿದ್ದ ಕಿತ್ತೂರಿನವರು ಹಾವಿನ ಮಾತು ಬಂದದ್ದೇ ಚಹಾ ಅರ್ಧಕ್ಕೆ ಬಿಟ್ಟು ಎದ್ದಿದ್ದರು. ಅವತ್ತಿನಿಂದ ಅಪ್ಪ ಅಂದಾನೆಪ್ಪ ಈ ಕೋಣೆಯ ಹೊಸ್ತಿಲು ತುಳಿದಿರಲಿಲ್ಲ. ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಇಲಿ ತಿನ್ನುವ ಪ್ರಾಣಿ ಎಂಬ ಮಾತನ್ನು ಮಾತ್ರ ಊಟಕ್ಕೆ ಕೂತಾಗಲೆಲ್ಲ ಬಡಿಸುತ್ತಿದ್ದ.

ಆದ್ದರಿಂದ ಅವನೇ ಬಾಗಿಲಲ್ಲಿ ಬಂದು ನಿಂತಾಗ ಶೀತಲ್ ಬೈಗುಳಕ್ಕೆ ಸಿದ್ಧಳಾದಳು.

"ಹಗೇವಿನ್ಯಾಗ ಇಡು," ಎಂದ ಅಂದಾನೆಪ್ಪ. "ಒಳಗ ಬೆಚ್ಚಗಿರತೈತಿ."

ಹಗೇವು ಅಂಗಳದ ಮೂಲೆಯಲ್ಲಿತ್ತು. ಅಜ್ಜ ನೆಲದೊಳಗೆ ತೋಡಿಸಿದ್ದ ಕಾಳಿನ ಕಣಜ. ಬಾಯಿ ಕಿರಿದು, ಒಳಗೆ ಎರಡಾಳು ಆಳ, ತಳದಲ್ಲಿ ಒಂದಿಷ್ಟು ಹಳೇ ಜೋಳ. ಅಪ್ಪನೇ ಮಣ್ಣು ಕೆದರಿ ಬಾಯಿಗಲ್ಲು ಸರಿಸಿದ. ಮುಗ್ಗು ವಾಸನೆ ಬಂತು. ಶೀತಲ್ ದಾರಕ್ಕೆ ಥರ್ಮಾಮೀಟರು ಕಟ್ಟಿ ಇಳಿಬಿಟ್ಟು, ಕಾದು, ಮೇಲೆಳೆದು ನೋಡಿದಳು. ಇಪ್ಪತ್ತೊಂಬತ್ತು! ನೆಲದ ಶಾಖ ಚಳಿಗಾಲದಲ್ಲೂ ಇಳಿಯುವುದಿಲ್ಲ ಎಂದು ಓದಿದ್ದು ಕಣ್ಣೆದುರೇ ಇತ್ತು.

ಮುಚ್ಚಳಕ್ಕೆ ತೂತು ಹಾಕಿದ ಡಬ್ಬಿಯೊಂದರಲ್ಲಿ ಎರಡನ್ನೂ ಮಲಗಿಸಿದಳು. ಹಗ್ಗ ಕಟ್ಟಿದವನು ಅಪ್ಪ. ಹಸುಗೂಸಿನ ತೊಟ್ಟಿಲು ಇಳಿಸುವವನಂತೆ ಮೆಲ್ಲಗೆ ಬಿಟ್ಟ. ಇಷ್ಟು ವರ್ಷಗಳಲ್ಲಿ ಅವನು ಅವಳ ಹಾವುಗಳಿಗೆಂದು ಕೈ ಚಾಚಿದ್ದು ಇದೇ ಮೊದಲು.

"ಅಪ್ಪಾ, ಭಾಳ ಛಲೋ ಆತು."

"ಹೋಗು, ಉಣ್ಣು ಹೋಗು," ಎಂದವನೇ ಕಲ್ಲು ಮುಚ್ಚಿದ.

ಅಂದು ಅವಳು ಎರಡು ರೊಟ್ಟಿ ಹೆಚ್ಚಿಗೆ ಉಂಡಳು. ಗಡದ್ದಾಗಿ ಮಲಗಿದಳು.

ಬೆಳಗಾದೊಡನೆ ತಾನೇ ಕಲ್ಲು ಸರಿಸಿ ಹಗ್ಗ ಎಳೆದಳು. ಡಬ್ಬಿ ಎಲ್ಲೋ ಸಿಕ್ಕಿಕೊಂಡಿತ್ತು. ಜಗ್ಗಿದಾಗ ಗಂಟು ಬಿಚ್ಚಿ ಬರೀ ಹಗ್ಗ ಕೈಗೆ ಬಂತು. ಒಳಗೋಡೆಯ ಗುಂಟ ಕಲ್ಲಿನ ಮೆಟ್ಟಿಲುಗಳಿದ್ದವು. ದುಪಟ್ಟಾ ಸೊಂಟಕ್ಕೆ ಬಿಗಿದು ಒಂದು ಕಾಲು ಒಳಗಿಟ್ಟಳು.

"ಇಳೀಬ್ಯಾಡ!" ದನದ ಕೊಟ್ಟಿಗೆಯಿಂದ ಅಂದಾನೆಪ್ಪ ಹಾಲಿನ ತಂಬಿಗೆ ಎಸೆದು ಓಡಿ ಬಂದ. ತೋಳು ಹಿಡಿದು ಹೊರಗೆಳೆದ ರಭಸಕ್ಕೆ ಅವಳು ಅಂಗಳದಲ್ಲಿ ಬಿದ್ದಳು. "ಸಾಯ್ತೀಯೇನು! ಕೆಟ್ಟ ಗಾಳಿ ಐತಿ ಒಳಗ! ಏ ಇಕಿನ, ಕಂದೀಲು ತಾ!"

ಅವ್ವ ತಂದ ಕಂದೀಲನ್ನು ಅವನು ಇಳಿಬಿಟ್ಟ. ಒಂದು ಮಾರು ಹೋಗುವಷ್ಟರಲ್ಲಿ ದೀಪ ಬೆರಳಲ್ಲಿ ಚಿವುಟಿದಂತೆ ಆರಿತು.

ಶೀತಲ್‌ಗೆ ಎಲ್ಲವೂ ನೆನಪಾಯಿತು. ಚಿಕ್ಕಂದಿನಲ್ಲಿ ಹಗೇವು ತೆಗೆದಾಗಲೆಲ್ಲ ಅಪ್ಪ ಮೊದಲು ದೀಪ ಬಿಡುತ್ತಿದ್ದ. ಯಾರು ಎಷ್ಟು ಅವಸರ ಮಾಡಿದರೂ ಬಿಡುತ್ತಿದ್ದ. ಅದು ಜೋಳಕ್ಕೆ ಮಾಡುವ ಪೂಜೆ ಎಂದುಕೊಂಡಿದ್ದಳು ಅವಳು. ಹಸಿ ಹತ್ತಿದ ಕಾಳು ಉಸಿರಾಡುತ್ತದೆ, ಆಮ್ಲಜನಕ ತೀರಿಸುತ್ತದೆ, ಕಾರ್ಬನ್ ಡೈಆಕ್ಸೈಡ್ ತಳದಲ್ಲಿ ಮಡುಗಟ್ಟುತ್ತದೆ. ಬೈಲಹೊಂಗಲದ ಕಾಲೇಜಿನಲ್ಲಿ ವರ್ಷವರ್ಷವೂ ಅವಳು ಪಾಠ ಮಾಡುವ ಸಂಗತಿ. ನಿನ್ನೆ ಅಳೆದ ಬಿಸುಪಿನಲ್ಲಿ ಆ ಉಸಿರಿನದೂ ಪಾಲಿತ್ತು.

"ನಿನ್ನಿ ದೀಪ ಯಾಕ ಬಿಡಲಿಲ್ಲಪ್ಪಾ?"

ಅಂದಾನೆಪ್ಪ ಹಗ್ಗ ಸುತ್ತತೊಡಗಿದ. "ಮರತೆ."

"ಇವತ್ತ ಮರೀಲಿಲ್ಲಲಾ."

ಹಗ್ಗ ಸುತ್ತುವ ಕೈ ನಿಂತಿತು. "ನೀ ಇಳೀತಿ ಅಂತ ನನಗೇನು ಗೊತ್ತವ್ವಾ."

ಕೊನೆಗೆ ಬಾವಿಯ ಕೊಡ ತೆಗೆಯುವ ಪಾತಾಳಗರುಡಿ ಬಿಟ್ಟು ಅವನೇ ಡಬ್ಬಿ ಎತ್ತಿದ. ಹಾವುಗಳು ಉಂಡೆಯಾಗಿರಲಿಲ್ಲ. ಎರಡೂ ಮೈ ಚಾಚಿ, ಮೂತಿಗಳನ್ನು ಮುಚ್ಚಳದ ತೂತುಗಳಿಗೆ ಒತ್ತಿಕೊಂಡು ಸತ್ತಿದ್ದವು. ಮೈ ಇನ್ನೂ ಬೆಚ್ಚಗಿತ್ತು.

ಅಷ್ಟರಲ್ಲಿ ಕರೆಂಟು ಬಂತು. ಪಕ್ಕದ ಮನೆಯ ಟಿವಿ ಒಮ್ಮೆಲೇ ಕಿರುಚಿತು. ಕೋಣೆಯ ಖಾಲಿ ಗಾಜಿನ ಪೆಟ್ಟಿಗೆಯ ಮೇಲೆ ಕಾವು ಕೊಡುವ ದೀಪ ಕೆಂಪಗೆ ಉರಿಯತೊಡಗಿತು.

"ಆಗಿದ್ದು ಆತು," ಎಂದಳು ಸಾವಿತ್ರೆವ್ವ ಮೆಲ್ಲಗೆ. "ಐತವಾರ ಅವರ ಮುಂದ ಮಾರಿ ಸಣ್ಣ ಮಾಡಬ್ಯಾಡ."

"ಬರಲಿ," ಶೀತಲ್ ಡಬ್ಬಿಯನ್ನು ಎದೆಗವಚಿ ಎದ್ದಳು. "ಹಾವು ಎಲ್ಲಿ ಹೋದವು ಅಂತ ಕೇಳೇ ಕೇಳ್ತಾರ. ಅಪ್ಪನೇ ಹೇಳಲಿ."